ಬಕೆಟ್ಟಿನ ನೀಲಿ

"ನಾಳೆ ತೊಳೀಬಹುದಾ ಮಾವ?"

"ನಾಳೆ ಬೇಡ."

"ನಾಡಿದ್ದು?"

"ನಾಡಿದ್ದೂ ಬೇಡ. ಬಣ್ಣ ಇನ್ನೂ ಹಸಿ."

ಸೊಸೆ ಬ್ರೆಡ್ಡಿಗೆ ಬೆಣ್ಣೆ ಸವರುವುದನ್ನು ನಿಲ್ಲಿಸಿ ಗಂಡನ ಮುಖ ನೋಡಿದಳು. ಗಂಡ ಮೊಟ್ಟೆಯ ಸಿಪ್ಪೆ ಸುಲಿಯುವುದರಲ್ಲಿ ಮುಳುಗಿಹೋಗಿದ್ದ. ಅಪ್ಪನಿಗೂ ಹೆಂಡತಿಗೂ ಮಾತು ಬಿಸಿಯಾದಾಗಲೆಲ್ಲ ಅವನಿಗೆ ಎಲ್ಲಿಲ್ಲದ ಕೆಲಸ ಸಿಕ್ಕಿಬಿಡುತ್ತಿತ್ತು. ಬೇಕರಿಯಲ್ಲಿ ಬೆಳಗಿನ ಜಾವದಿಂದ ಹಿಟ್ಟು ನಾದಿ ಬಂದವನಿಗೆ ಮನೆಯಲ್ಲಿ ಇನ್ನೊಂದು ಹಿಟ್ಟು ನಾದುವ ಉತ್ಸಾಹವಿರಲಿಲ್ಲ.

"ಹೊಡೆದು ಮೂರು ವಾರ ಆಯ್ತಲ್ಲ ಮಾವ. ಇನ್ನೂ ಹಸಿನಾ?"

"ಮೇಲೆ ಒಣಗಿದೆ. ಒಳಗೆ ಹಸಿ. ನಿಂಗೆ ಗೇರು ಗೊತ್ತು, ನಂಗೆ ಬಣ್ಣ ಗೊತ್ತು. ಸುಮ್ನೆ ತಿನ್ನು."

ತೊಳೆಯಬೇಕಾದದ್ದು ಕಾರು. ಹಳೆಯದೇ, ಆದರೂ ಆ ಮನೆಗೆ ಬಂದ ಮೊದಲ ಕಾರು. ಸೊಸೆ ಇಷ್ಟು ವರ್ಷ ಬೇರೆಯವರ ಡ್ರೈವಿಂಗ್ ಸ್ಕೂಲಿನಲ್ಲಿ, ಬೇರೆಯವರ ಕಾರಿನಲ್ಲಿ, ಊರ ಹೆಂಗಸರಿಗೆಲ್ಲ ಗಾಡಿ ಕಲಿಸಿದವಳು. ಈಗ ಆ ಕೆಲಸ ಬಿಟ್ಟು ಸ್ವಂತದ್ದು ಶುರುಮಾಡಲು ಹೊರಟಿದ್ದಳು. ಎದುರು ಬೀದಿಯ ಶಾಲೆಯ ಹೆಡ್ ಮೇಡಂ ಮೊದಲ ಶಿಷ್ಯೆಯಾಗಲು ಒಪ್ಪಿದ್ದರು. ಮುಂದಿನ ತಿಂಗಳ ಮೊದಲ ಸೋಮವಾರ ಬೆಳಗ್ಗೆ ಗೇಟಿನ ಹತ್ತಿರ ಬಂದು ನಿಲ್ಲುತ್ತೇನೆ ಎಂದಿದ್ದರು. ಹೆಡ್ ಮೇಡಂ ಕಲಿತರೆ ಇಡೀ ಟೀಚರುಗಳ ದಂಡೇ ಬರುತ್ತದೆ ಎಂದು ಸೊಸೆಗೆ ಗೊತ್ತಿತ್ತು. ಅಷ್ಟರೊಳಗೆ ಕಾರು ಥಳಥಳ ಹೊಳೆಯಬೇಕು. ಆದರೆ ಕಾರಿನ ಮೇಲೆ ಬೆರಳ ದಪ್ಪ ಧೂಳು ಕೂತಿತ್ತು, ಮಾವ ನೀರು ಮುಟ್ಟಿಸಲು ಬಿಡುತ್ತಿರಲಿಲ್ಲ.

ಮಾವ ಎಂದರೆ ಅಜ್ಜ. ಮೊಮ್ಮಗಳ ಬಾಯಲ್ಲಿ ಅಜ್ಜ, ಆದ್ದರಿಂದ ಬೀದಿಗೆಲ್ಲ ಅಜ್ಜ. ಆಯುಷ್ಯವಿಡೀ ಗ್ಯಾರೇಜಿನಲ್ಲಿ ಕಾರುಗಳಿಗೆ ಬಣ್ಣ ಹೊಡೆದವನು. ಕೆಲಸ ಮನಸ್ಸಿಗೆ ಒಪ್ಪಿದರೆ ಪೆಟ್ರೋಲ್ ಮುಚ್ಚಳದ ಒಳಗೆ, ಯಾರಿಗೂ ಕಾಣದ ಜಾಗದಲ್ಲಿ, ಒಂದು ಸಣ್ಣ ಬಿಳಿ ಚುಕ್ಕಿ ಇಡುವುದು ಅವನ ಪದ್ಧತಿ. ಒಪ್ಪದಿದ್ದರೆ ಗಿರಾಕಿ ಎಷ್ಟೇ ಹೊಗಳಲಿ, ಚುಕ್ಕಿ ಇಲ್ಲ. ಸೊಸೆಯ ಕಾರಿಗೂ ತಾನೇ ಬಣ್ಣ ಹೊಡೆಯುತ್ತೇನೆ ಎಂದು ಹಟ ಹಿಡಿದು, ಹಳೆಯ ಗ್ಯಾರೇಜಿನಿಂದ ಗಾಳಿ ಯಂತ್ರ ಎರವಲು ತಂದು, ಮನೆ ಪಕ್ಕದ ತಗಡಿನ ಶೆಡ್ಡಿಗೆ ಸುತ್ತ ಪ್ಲಾಸ್ಟಿಕ್ ಹಾಳೆ ಕಟ್ಟಿ ಹೊಡೆದೂ ಬಿಟ್ಟಿದ್ದ.

"ಯಾವ ಬಣ್ಣ ಬೇಕು?" ಎಂದು ಕೇಳಿದ ದಿನ ಸೊಸೆ ಒಂದು ಕ್ಷಣವೂ ಯೋಚಿಸದೆ ಬಚ್ಚಲಿಗೆ ಓಡಿ ಹೊಸ ಬಕೆಟ್ ತಂದು ಮುಂದೆ ಹಿಡಿದಿದ್ದಳು.

"ಇದೇ ನೀಲಿ ಮಾವ. ಅಂಗಡೀಲಿ ನೋಡಿದ ಕೂಡ್ಲೇ ನಂಗೆ ಖುಷಿ ಆಯ್ತು."

"ಸ್ನಾನದ ಬಕೆಟ್ ಬಣ್ಣದ ಕಾರಾ?"

"ಬಕೆಟ್ ನೋಡಿದ್ರೇನೇ ಇಷ್ಟು ಖುಷಿ ಆಗತ್ತೆ, ಕಾರು ನೋಡಿದ್ರೆ ಎಷ್ಟು ಆಗ್ಬೇಡ!"

ಅಜ್ಜ ನಕ್ಕು ಬಕೆಟ್ಟನ್ನು ಶೆಡ್ಡಿಗೆ ಒಯ್ದಿದ್ದ. ಅವನು ಬಣ್ಣ ಕಲಸಿ ಮುಗಿಸುವವರೆಗೆ ಮನೆಮಂದಿ ಪಾತ್ರೆಯಲ್ಲಿ ನೀರು ತೋಡಿಕೊಂಡು ಸ್ನಾನ ಮಾಡಿದರು.

ಈಗ ವಿಷಯ ಹೇಳಿಬಿಡಬೇಕು. ಬಣ್ಣ ಒಣಗಿ, ಪ್ಲಾಸ್ಟಿಕ್ ಹಾಳೆ ಬಿಚ್ಚಿದ ದಿನ ಎಲ್ಲರೂ ಶೆಡ್ಡಿನ ಮುಂದೆ ನಿಂತಿದ್ದರು. ಕಾರು ಮಿರಮಿರ ಮಿಂಚುತ್ತಿತ್ತು. ಒಂದು ಹನಿ ಇಳಿದಿಲ್ಲ, ಒಂದು ಗುಳ್ಳೆ ಇಲ್ಲ. ಆದರೆ ಎಡಗಡೆಯ ಮುಂದಿನ ಬಾಗಿಲು ಬೇರೆ ಬಣ್ಣದ್ದಾಗಿತ್ತು. ಇಡೀ ಕಾರು ಒಂದು ನೀಲಿ, ಆ ಬಾಗಿಲು ಇನ್ನೊಂದು ನೀಲಿ. ಬೀದಿಯ ಆ ತುದಿಯಿಂದ ನೋಡಿದರೂ ಗೊತ್ತಾಗುವಂತಿತ್ತು.

"ಹೇಗಿದೆ?" ಎಂದು ಅಜ್ಜ ಕೇಳಿದ.

"ಫಸ್ಟ್ ಕ್ಲಾಸ್ ಅಪ್ಪ," ಎಂದ ಮಗ.

"ತುಂಬಾ ಚೆನ್ನಾಗಿದೆ ಮಾವ," ಎನ್ನುತ್ತಾ ಸೊಸೆ ಮಗಳ ಕೈಯನ್ನು ಹಿಂಡಿದಳು. ಮಗಳ ಬಾಯಿ ಆಗಲೇ ತೆರೆದಿತ್ತು. ಒಂದು ಮಾತು ಹಿಡಿದರೆ ದಿನವಿಡೀ ಕುಯ್ಯುತ್ತಲೇ ಇರುವ ಹುಡುಗಿಯಾದ್ದರಿಂದ ಮನೆಯಲ್ಲಿ ಅವಳಿಗೆ ಪಿಟೀಲು ಎಂದೇ ಹೆಸರು. ಅವತ್ತು ಮಾತ್ರ ಪಿಟೀಲು ನುಡಿಯಲಿಲ್ಲ. ಕೈ ಅಷ್ಟು ನೋಯುತ್ತಿತ್ತು.

ಅಜ್ಜಿ ಆಗಲೇ ಅಡುಗೆಮನೆಯ ಕಡೆ ತಿರುಗಿದ್ದಳು.

ಅಜ್ಜನಿಗೆ ಗೊತ್ತಾಗಲಿಲ್ಲವೇ? ಗೊತ್ತಾಗುವುದು ಹೇಗೆ, ಎರಡು ಕಣ್ಣಿಗೂ ಪೊರೆ ಬಂದು ವರ್ಷ ಮೇಲಾಗಿತ್ತು. ಟೀ ಕಪ್ಪಿನ ಹಿಡಿ ಹುಡುಕಲು ಮೊದಲು ತಟ್ಟೆ ತಡವುತ್ತಿದ್ದ. ಆಪರೇಷನ್ ಎಂದರೆ ಮಾತ್ರ ಮೈಮೇಲೆ ಬೀಳುತ್ತಿದ್ದ. ತಮಾಷೆ ಏನೆಂದರೆ, ಅಜ್ಜಿ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು. ಊರಿನವರ ಕಣ್ಣಿಗೆಲ್ಲ ಬೆಳಕು ಬರುವಾಗ ಪಕ್ಕದಲ್ಲಿ ನಿಂತವಳ ಗಂಡನಿಗೆ ಸೂಜಿ ಎಂದರೆ ಪ್ರಾಣಭಯ.

ಕಣ್ಣಿಗೆ ಕಾಣದಿದ್ದರೂ ಅಜ್ಜನಿಗೆ ಕಿವಿ ಇತ್ತು. 'ಫಸ್ಟ್ ಕ್ಲಾಸ್' ಎಂದ ಮಗನ ದನಿಯಲ್ಲಿ ಏನೋ ಒಂದು ಎಡವಿದ್ದು ಕೇಳಿಸಿತ್ತು. ಎಲ್ಲೋ ತಪ್ಪಿದ್ದೇನೆ ಎಂಬ ಹುಳ ಅಂದೇ ತಲೆಯೊಳಗೆ ಹೊಕ್ಕಿತು. ಎಲ್ಲಿ ಎಂದು ಕೇಳುವ ಧೈರ್ಯ ಇರಲಿಲ್ಲ. ಕೇಳಿ, ಬಣ್ಣ ಕೆಟ್ಟಿದೆ ಎಂದು ಅವರು ಹೇಳಿಬಿಟ್ಟರೆ ಅವನ ಕೈಗೆ ಇನ್ನು ಕೆಲಸವಿಲ್ಲ. ಧೂಳು ಇರುವಷ್ಟು ದಿನ ಇರಲಿ ಎನ್ನಿಸಿತು. ಪೆಟ್ರೋಲ್ ಮುಚ್ಚಳದೊಳಗೆ ಚುಕ್ಕಿ ಇಡಲಿಲ್ಲ. ಸೊಸೆ ದಿನಾ ಬೆಳಗ್ಗೆ ಕದ್ದು ಮುಚ್ಚಳ ತೆರೆದು ನೋಡುತ್ತಿದ್ದಳು.

ಹೊಸ ಬಣ್ಣಕ್ಕೆ ಕೆಲವು ವಾರ ಸೋಪು ತಾಗಿಸಬಾರದು ಎಂಬುದು ನಿಜವೇ. ಆದರೆ ಆ ವಾರಗಳು ಮುಗಿದ ಮೇಲೂ ಅಜ್ಜನ ಹತ್ತಿರ ಕಾರಣಗಳಿಗೆ ಬರವಿರಲಿಲ್ಲ. ಬಿಸಿಲು ಹೆಚ್ಚು, ಕಾದ ತಗಡಿಗೆ ನೀರು ಬಿದ್ದರೆ ಕಲೆ ಕೂರುತ್ತದೆ ಎಂದ. ಮೋಡ ಬಂದರೆ, ಗಾಳಿ ಇದೆ, ಒದ್ದೆ ಮೈಗೆ ಧೂಳು ಅಂಟುತ್ತದೆ ಎಂದ. ಗಾಳಿ ನಿಂತರೆ ಬಟ್ಟೆ ಸರಿಯಿಲ್ಲ ಎಂದ.

"ಯಾವ ಬಟ್ಟೆ ಬೇಕು ಹೇಳಿ, ನಾನು ಮಾಡ್ತೀನಿ," ಎಂದು ಅಜ್ಜಿ ಎದ್ದಳು.

ಅಲ್ಲಿಂದ ಮನೆಯ ಚಹರೆಯೇ ಬದಲಾಯಿತು. ಹಳೆಯ ಬನಿಯನ್ನು, ದಿಂಬಿನ ಚೀಲ, ಟವಲು ಎಲ್ಲ ಊಟದ ಮೇಜಿನ ಮೇಲೆ ಗುಡ್ಡೆ ಬಿತ್ತು. ಗುಂಡಿ, ಜಿಪ್ಪು, ಗಟ್ಟಿ ಹೊಲಿಗೆ ಇದ್ದದ್ದನ್ನೆಲ್ಲ ಅಜ್ಜಿ ಕತ್ತರಿಸಿ ತೆಗೆದಳು. ಉಳಿದದ್ದನ್ನು ಕುದಿಸಿ, ಒಣಗಿಸಿ, ಒಂದೇ ಅಳತೆಗೆ ಮಡಿಸಿ ಟ್ರೇಯಲ್ಲಿ ಜೋಡಿಸಿದಳು. ಮಗ ಬೇಕರಿಯಿಂದ ಬಂದು ಊಟಕ್ಕೆ ಕೂರಲು ಮೇಜು ಹುಡುಕಬೇಕಾಯಿತು.

"ಅಮ್ಮ, ಕಾರು ತೊಳೀತೀವಾ, ಕಾರಿನ ಹೊಟ್ಟೆ ಕುಯ್ತೀವಾ?"

"ನಗು ನಗು. ಮೈಗೆ ತಾಗೋ ಬಟ್ಟೆ ಈ ಟ್ರೇ. ಚಕ್ರಕ್ಕೆ ತಾಗೋ ಬಟ್ಟೆ ಆ ಟ್ರೇ. ಕೆಳಗೆ ಬಿದ್ದ ಬಟ್ಟೆ ಯಾವ ಟ್ರೇಗೂ ವಾಪಸ್ ಬರೋಹಾಗಿಲ್ಲ. ಅದರಲ್ಲಿ ಮರಳು ಹತ್ತಿರತ್ತೆ, ಕಾರಿನ ಮೈ ಗೀರತ್ತೆ."

"ನನ್ನ ಬಿಳಿ ಬನಿಯನ್ ಎಲ್ಲಿ?"

"ಈ ಟ್ರೇ."

"ಅದು ಹೊಸದು ಅಮ್ಮಾ!"

"ಅದಕ್ಕೇ ಮೈಗೆ ಇಟ್ಟಿದೀನಿ."

ಬಕೆಟ್ಟೂ ಎರಡು ಬೇಕಾಯಿತು. ಸೋಪಿನ ನೀರಿಗೆ ಬಿಳಿಯದು, ಬಟ್ಟೆ ಜಾಲಿಸಲು ಕೆಂಪಿನದು. ಜಾಲಿಸದೆ ಮತ್ತೆ ಸೋಪಿಗೆ ಅದ್ದಿದವರ ಕೈಗೆ ಪೆಟ್ಟು ಎಂದು ಅಜ್ಜಿ ಮೊದಲೇ ಸಾರಿದಳು. ಬಚ್ಚಲಿನ ನೀಲಿ ಬಕೆಟ್ ತರಲು ಪಿಟೀಲು ಓಡಿದಾಗ ತಡೆದಳು. "ಸ್ನಾನದ್ದು ಸ್ನಾನಕ್ಕೆ. ಅಂಗಳದ್ದು ಅಂಗಳಕ್ಕೆ. ಬೆರೆಸಬಾರದು."

ಒಂದು ಮಧ್ಯಾಹ್ನ ಹಕ್ಕಿಯೊಂದು ಬಾನೆಟ್ಟಿನ ಮೇಲೆ ಹಿಕ್ಕೆ ಹಾಕಿತು. ಅದರ ಹುಳಿ ಬಣ್ಣವನ್ನು ತಿನ್ನುತ್ತದೆ ಎಂದು ಅಜ್ಜ ಬೊಬ್ಬೆ ಹಾಕಿದ. ಅಜ್ಜಿ ಹತ್ತಿ, ನೀರು, ಇಕ್ಕಳ ಹಿಡಿದು ಬಂದು, ಉಜ್ಜದೆ, ನೆನೆಸಿ ನೆನೆಸಿ ಎತ್ತಿ ತೆಗೆದಳು. ನೋಡಲು ಪಕ್ಕದ ಮನೆಯವರೂ ಕಾಂಪೌಂಡಿನ ಮೇಲೆ ಕೈ ಊರಿ ನಿಂತರು. ತೆಗೆದ ಜಾಗದಲ್ಲಿ ರೊಟ್ಟಿಯಗಲ ನೀಲಿ ಹೊಳೆಯಿತು. ಪಿಟೀಲು ಕುಣಿದೇ ಬಿಟ್ಟಳು. ಧೂಳಿನ ಮೇಲೆ ತನ್ನ ಹೆಸರು ಬರೆಯಲು ಬೆರಳು ಚಾಚಿದಳು.

"ಬೆರಳು ತೆಗಿ!" ಅಜ್ಜನ ಕೂಗಿಗೆ ಪಕ್ಕದ ಮನೆಯವರೂ ಕೈ ತೆಗೆದರು.

ತಿಂಗಳ ಕೊನೆ ಹತ್ತಿರವಾಗುತ್ತಿದ್ದಂತೆ ಸೊಸೆಗೆ ತಾಳ್ಮೆ ತಪ್ಪಿತು.

"ಮಾವ, ಈ ಭಾನುವಾರ ತೊಳೀಲೇಬೇಕು. ಸೋಮವಾರ ಮೇಡಂ ಬರ್ತಾರೆ."

"ಅಂಗಳ ಇಳಿಜಾರು. ತೊಳೆಯೋವಾಗ ಕಾರು ಜಾರಿ ಮಗು ಮೇಲೆ ಬಂದ್ರೆ?"

"ಹ್ಯಾಂಡ್ ಬ್ರೇಕ್ ಹಾಕ್ತೀನಿ. ಗೇರಲ್ಲಿ ನಿಲ್ಲಿಸ್ತೀನಿ. ನಾಲ್ಕೂ ಚಕ್ರಕ್ಕೆ ಕಲ್ಲು ಕೊಡ್ತೀನಿ."

"ಪಂಪಿನ ವೈರು ನೆಲದ ಮೇಲೆ ಬಿದ್ದಿದೆ."

"ಗೋಡೆ ಮೇಲೆ ಮೊಳೆ ಹೊಡೆದು ಎತ್ತಿ ಕಟ್ಟಿಸ್ತೀನಿ."

"ಸ್ವಿಚ್ಚು?"

"ಒಣ ಕೈಯೋರು ಒಬ್ರು ಮೆಟ್ಟಿಲ ಮೇಲೆ ನಿಂತಿರ್ತಾರೆ. ಒದ್ದೆ ಕೈಯೋರು ಆ ಕಡೆ ಸುಳಿಯಲ್ಲ. ಇನ್ನೇನು ಉಳೀತು ಮಾವ?"

ಅಜ್ಜ ತಟ್ಟೆಯ ಆಲೂಗಡ್ಡೆಯನ್ನು ಫೋರ್ಕಿನಲ್ಲಿ ಹುಡುಕಿದ. ಸಿಗಲಿಲ್ಲ. ಅಜ್ಜಿ ಮೆಲ್ಲಗೆ ತಟ್ಟೆ ತಿರುಗಿಸಿಕೊಟ್ಟಳು.

"ಇನ್ನೇನೂ ಉಳಿದಿಲ್ಲ," ಎಂದ ಅಜ್ಜ.

ಭಾನುವಾರ ಬೆಳಗ್ಗೆ ಬಿಸಿಲು ಶೆಡ್ಡಿನ ಆಚೆಗಿರುವಾಗಲೇ ಮನೆಮಂದಿಯೆಲ್ಲ ಅಂಗಳದಲ್ಲಿದ್ದರು. ಸೊಸೆ ಚಕ್ರಗಳಿಗೆ ಕಲ್ಲು ಒತ್ತಿ, ಕಾರನ್ನು ಹಿಂದಿನಿಂದಲೂ ಮುಂದಿನಿಂದಲೂ ದೂಡಿ ನೋಡಿದಳು. ಅಲುಗಲಿಲ್ಲ. ಕಿಟಕಿಯ ಗಾಜುಗಳನ್ನೆಲ್ಲ ಏರಿಸಿದಳು. ಅಜ್ಜಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಪರೀಕ್ಷೆಗೆ ತೊಡಗಿದಳು.

"ಉಂಗುರ?"

"ತೆಗೆದೆ ಅತ್ತೆ."

"ವಾಚು?"

"ತೆಗೆದೆ."

"ನಿನ್ನ ಬೆಲ್ಟು?"

"ಅಮ್ಮಾ, ಬೆಲ್ಟ್ ತೆಗೆದ್ರೆ ಪ್ಯಾಂಟ್ ಜಾರತ್ತೆ," ಎಂದ ಮಗ.

"ಬಕಲ್ ತಾಗಿ ಗೀರು ಬೀಳೋದಕ್ಕಿಂತ ಪ್ಯಾಂಟ್ ಜಾರೋದು ಮೇಲು. ದಾರ ಕಟ್ಕೋ. ಕಟ್ಕೊಂಡು ಹೋಗಿ ಸ್ವಿಚ್ ಹತ್ರ ನಿಲ್ಲು. ನಿನ್ ಕೈ ಒದ್ದೆ ಆಗ್ಬಾರ್ದು."

"ಹಾಗಾದ್ರೆ ಬೆಲ್ಟ್ ಯಾಕೆ ತೆಗೆಸ್ದೆ?"

ಅಜ್ಜಿ ಆಗಲೇ ಪಿಟೀಲಿನ ಚಪ್ಪಲಿಯ ಅಡಿ ತಿರುವಿ, ಜಾರುತ್ತದೆಯೇ ಎಂದು ನೋಡುತ್ತಿದ್ದಳು.

ಅಜ್ಜ ಹಳೆಯ ಗ್ಯಾರೇಜ್ ಟೋಪಿ ಹಾಕಿಕೊಂಡು ಸ್ಟೂಲಿನ ಮೇಲೆ ಕೂತು ಹುಕುಂ ಶುರುಮಾಡಿದ. "ಮೊದ್ಲು ಬರೀ ನೀರು. ಕೈ ಹಚ್ಬೇಡಿ. ಧೂಳು ತಾನಾಗಿ ಇಳಿದು ಹೋಗ್ಲಿ. ಮೇಲಿಂದ ಕೆಳಕ್ಕೆ. ಚಕ್ರ ಕಡೇಲಿ."

ಮಗ ಸ್ವಿಚ್ ಒತ್ತಿದ. ಪೈಪಿನ ಬಾಯಿಂದ ನೀರು ಚಿಮ್ಮಿತು. ಕಾರಿನ ನೆತ್ತಿಯಿಂದ ಧೂಳು ಕೆಸರಾಗಿ, ಟೀಯಾಗಿ, ಕೊನೆಗೆ ತಿಳಿನೀರಾಗಿ ಇಳಿಯಿತು. ಮೊದಲು ಮೇಲ್ಛಾವಣಿ ಕಂಡಿತು, ಆಮೇಲೆ ಬಾನೆಟ್ಟು. ಪಿಟೀಲು 'ಬಂತು, ಬಂತು' ಎಂದು ಸುತ್ತ ಓಡಿದಳು. ಸೊಸೆ ಬಿಳಿ ಬಕೆಟ್ಟಿಗೆ ಬಟ್ಟೆ ಅದ್ದಿ ಮೆತ್ತಗೆ ಒರೆಸುತ್ತಾ, ಕೆಂಪಿನದರಲ್ಲಿ ಜಾಲಿಸುತ್ತಾ, ಮತ್ತೆ ಅದ್ದುತ್ತಾ ಹೋದಳು. ಅವಳಿಗೆ ಹಾಡುವ ಅಭ್ಯಾಸವಿಲ್ಲ, ಆದರೂ ಏನೋ ಗುನುಗುತ್ತಿದ್ದಳು. ತನ್ನ ಕಾರು! ಒಂದು ಗಳಿಗೆ ಅವಳಿಗೆ ಬಾಗಿಲ ವಿಷಯವೂ ಮರೆತಿತ್ತು.

ಎಡಗಡೆಗೆ ಬಂದಾಗ ಗುನುಗು ನಿಂತಿತು. ತೊಳೆದ ಮೇಲೆ ಬಾಗಿಲು ಮೊದಲಿಗಿಂತ ಎದ್ದು ಕಾಣುತ್ತಿತ್ತು.

ಅಜ್ಜ ಸ್ಟೂಲಿನಿಂದ ಎದ್ದು ಬಂದ. ಬಾಗಿಲ ಮೇಲೆ ಅಂಗೈ ಆಡಿಸಿದ. ನುಣುಪಾಗಿತ್ತು.

"ಪಿಟೀಲು, ಬಾ ಇಲ್ಲಿ. ಹೇಗಿದೆ ಹೇಳು."

ಪಿಟೀಲು ಮೊದಲು ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು. "ನಿಜ ಹೇಳ್ಬೇಕಾ, ಅಮ್ಮ ಹೇಳಿಕೊಟ್ಟಿದ್ದು ಹೇಳ್ಬೇಕಾ?"

"ನಿಜ."

"ಈ ಬಾಗಿಲು ಬೇರೆ ಬಣ್ಣ ಅಜ್ಜ. ಮೊದಲ ದಿನದಿಂದಾನೂ. ನಮ್ಮ ಕ್ಲಾಸಿನೋರಿಗೆಲ್ಲಾ ಗೊತ್ತು."

ಅಜ್ಜ ಸೊಸೆಯ ಕೈಯಿಂದ ಒದ್ದೆ ಬಟ್ಟೆ ಕಿತ್ತುಕೊಂಡ.

"ಎಲ್ರಿಗೂ ಗೊತ್ತಿತ್ತು," ಎಂದ ಅಜ್ಜ. "ಕ್ಲಾಸಿನೋರಿಗೂ ಗೊತ್ತಿತ್ತು. ನಂಗೊಬ್ಬನಿಗೆ ಗೊತ್ತಿರ್ಲಿಲ್ಲ. ನಾನೇನು ಈ ಮನೇಲಿ ಗೊಂಬೆನಾ? ಫಸ್ಟ್ ಕ್ಲಾಸ್ ಅಂತೆ! ಥೂ!" ಕೈಯಲ್ಲಿದ್ದ ಬಟ್ಟೆಯನ್ನು ನೆಲಕ್ಕೆ ಎಸೆದ.

"ನಿಮ್ಗೆ ಬೇಜಾರಾಗತ್ತೆ ಅಂತ ಮಾವ..."

"ಈಗ ಆಗ್ಲಿಲ್ವಾ?"

ಅಜ್ಜಿ ಬಿದ್ದ ಬಟ್ಟೆಯನ್ನು ಎತ್ತಿ ಬೇರೆ ಇಟ್ಟಳು. ಏಪ್ರನ್ನಿನಲ್ಲಿ ಕೈ ಒರೆಸಿಕೊಂಡು ಸ್ಟೂಲಿನ ಮೇಲೆ ಕೂತಳು.

"ಬಾಗಿಲು ಕೆಡಿಸಿದ್ದು ನಾನು."

"ನೀನಾ?"

"ಕಲಸಿದ ಬಣ್ಣ ಬಾಗಿಲಿಗೆ ಸಾಲ್ಲಿಲ್ಲ ಅಂತ ನೀವು ಇನ್ನೊಂದು ಡಬ್ಬಿ ಕಲಸಿದ್ರಲ್ಲ. ನೀವು ಬಣ್ಣ ಹೊಡೆಯೋ ಗನ್ ತೊಳೀತಾ ಇದ್ರಿ. 'ಮೂರು ಮುಚ್ಚಳ ಹಳದಿ ಹಾಕಿ ತಿರುಗಿಸು' ಅಂದ್ರಿ."

"ಅಂದೆ."

"ನಾನು ಹಾಕ್ಲಿಲ್ಲ. ಸುಮ್ನೆ ತಿರುಗಿಸಿ ಕೊಟ್ಟೆ."

"ಯಾಕೆ?"

"ಬಕೆಟ್ ಪಕ್ಕದಲ್ಲೇ ಇತ್ತು. ಡಬ್ಬಿ ನೋಡ್ದೆ, ಬಕೆಟ್ ನೋಡ್ದೆ. ಸರಿ ಇದೆ ಅನ್ನಿಸ್ತು."

"ಅನ್ನಿಸ್ತು! ಜೀವಮಾನ ಪೂರ್ತಿ ಬಣ್ಣ ಕಲಸಿದೋನು ಹಾಕು ಅಂತಿದ್ರೆ ನಿಂಗೆ ಅನ್ನಿಸ್ತು!"

"ಒಣಗಿದ ಮೇಲೆ ಬದಲಾಗತ್ತೆ ಅಂತ ನಂಗೇನು ಗೊತ್ತು? ಬೆಳಗ್ಗೆ ಬಂದು ನೋಡಿದ್ರೆ ಬಾಗಿಲೇ ಬೇರೆ ಆಗಿ ನಿಂತಿತ್ತು. ಹೇಳೋಕೆ ಬಾಯಿ ಬರ್ಲಿಲ್ಲ."

"ನಿಮ್ಮ ಥಿಯೇಟರಲ್ಲಿ ಡಾಕ್ಟರು ಕತ್ತರಿ ಕೊಡು ಅಂದ್ರೆ ಹೀಗೇ ಕೊಡ್ತಿದ್ಯಾ?"

"ನೋಡಿಲ್ಲಿ, ತಪ್ಪಾಯ್ತು ಅಂತ ಹೇಳಿದೀನಿ. ಕಣ್ಣು ಕಂಡಿದ್ರೆ ಅವತ್ತೇ ನೀವೇ ಹಿಡೀತಿದ್ರಿ. ಒಂದು ವರ್ಷದಿಂದ ಬಡ್ಕೋತಾ ಇದೀನಿ, ಕೇಳಿದ್ರಾ?"

ಮಗ ಮೆಟ್ಟಿಲ ಮೇಲೆ ಪ್ಯಾಂಟಿನ ದಾರ ಬಿಗಿಮಾಡಿಕೊಳ್ಳುವುದರಲ್ಲಿ ಮುಳುಗಿದ. ಇನ್ನೇನು ಗುಡುಗುತ್ತದೆ ಎಂದು ಸೊಸೆ ಮಾವನ ಮುಖವನ್ನೇ ನೋಡುತ್ತಿದ್ದಳು. ಗುಡುಗಲಿಲ್ಲ. ಅಜ್ಜನ ಮುಖ ನಿಧಾನವಾಗಿ ಅರಳತೊಡಗಿತು.

"ಅಂದ್ರೆ, ಬಾಗಿಲೊಂದೇನಾ? ಮಿಕ್ಕಿದ್ದೆಲ್ಲಾ ಒಂದೇ ಬಣ್ಣನಾ?"

"ಒಂದೇ ಬಣ್ಣ ಮಾವ."

"ಹಾಗಾದ್ರೆ ನನ್ನ ಕೈ ತಪ್ಪಿಲ್ಲ! ಇಷ್ಟು ವಾರದಿಂದ ನನ್ನ ಕೈಯೇ ಹೋಯ್ತು ಅಂತ ಅನ್ನ ನೀರು ಸೇರದೆ ಕೂತಿದೀನಿ, ಕೆಡಿಸಿದೋಳು ಇವಳು!" ಅಜ್ಜ ಕಾರಿನ ಬೆನ್ನು ತಟ್ಟಿ ನಕ್ಕ. "ಆ ಬಾಗಿಲು ನಾನೇ ಮತ್ತೆ ಹೊಡೀತೀನಿ."

"ಕಾಣದೆ ಹೇಗೆ ಹೊಡೀತೀರಿ ಮಾವ?"

ಅಜ್ಜ ಟೋಪಿ ತೆಗೆದು ತಲೆ ಕೆರೆದುಕೊಂಡ. ಮತ್ತೆ ಹಾಕಿಕೊಂಡ.

"ಎಲ್ಲಿ ಮಾಡ್ಸೋದು ಆ ಆಪರೇಷನ್ನು?"

ಅಜ್ಜಿ ಎದ್ದು ಹೋಗಿ ಫೋನ್ ತಂದಳು. ಅವನ ಮನಸ್ಸು ತಿರುಗುವ ಮೊದಲೇ ತಾರೀಖು ಗೊತ್ತುಮಾಡಿ ಬಿಟ್ಟಳು. ಆಮೇಲೆ ಟ್ರೇಯ ಬಟ್ಟೆಗಳನ್ನು ಎಣಿಸಿದಳು. ಒಂದು ಕಡಿಮೆ ಇತ್ತು. ಹುಡುಕಿದರೆ ಮಗನ ಬಿಳಿ ಬನಿಯನ್ನು, ಅವನೇ ಕದ್ದು ಮೈಗೆ ಹಾಕಿಕೊಂಡಿದ್ದ.

ಸೋಮವಾರ ಹೆಡ್ ಮೇಡಂ ಬಂದರು. ಕಾರನ್ನು ಸುತ್ತಿ ನೋಡಿ, ಬಾಗಿಲ ಮುಂದೆ ನಿಂತು ಕನ್ನಡಕ ಸರಿಮಾಡಿಕೊಂಡರು.

"ಇದೇನು, ಇದೊಂದು ಬೇರೆ?"

"ಕಲಿಯೋರಿಗೆ ಮೇಡಂ," ಎಂದುಬಿಟ್ಟಳು ಸೊಸೆ, ಬಾಯಿಗೆ ಬಂದಂತೆ. "ಗಾಬರೀಲಿ ಎಡ ಯಾವುದು ಬಲ ಯಾವುದು ಮರೆತು ಹೋಗತ್ತಲ್ಲ. ಬೇರೆ ಬಣ್ಣದ ಬಾಗಿಲ ಕಡೆ ಎಡ."

ಹಳೆಯ ಕಾರಾದ್ದರಿಂದ ಬಾಗಿಲ ಒಳಗೆ ಕಿಟಕಿಯ ಸುತ್ತಲೂ ಅದೇ ಬಣ್ಣ, ಸೀಟಿನಲ್ಲಿ ಕೂತವರಿಗೆ ಕಾಣುವಂತಿತ್ತು. ಶಾಲೆಯಲ್ಲಿ ಎಲ್ಲರನ್ನೂ ನಡುಗಿಸುವ ಮೇಡಂ ಮೊದಲ ತಿರುವಿನಲ್ಲೇ 'ಎಡ' ಎಂದರೆ ಬಲಕ್ಕೆ ತಿರುಗಿಸಿದರು. 'ಬಾಗಿಲು, ಬಾಗಿಲು' ಎಂದು ಸೊಸೆ ಕೂಗಿದ ಮೇಲೆ ಸರಿಹೋಯಿತು. ಇಳಿಯುವಾಗ ಮೇಡಂ ಹಣೆ ಒರೆಸಿಕೊಳ್ಳುತ್ತಾ, "ಒಳ್ಳೇ ಉಪಾಯ," ಎಂದರು. ವಾರದೊಳಗೆ ಇನ್ನೂ ನಾಲ್ಕು ಟೀಚರುಗಳು ಸೇರಿದರು. ಸೊಸೆ ಊಟಕ್ಕೆ ಕೂತರೂ ಕೈಕಾಲು ಕ್ಲಚ್ಚು ಗೇರು ಎನ್ನುತ್ತಿದ್ದವು.

ಅಜ್ಜನಿಗಂತೂ ಆ ದಿನಗಳು ಸುಗ್ಗಿ. ಹೆಂಡತಿಯ ತಪ್ಪು ಕೈಗೆ ಸಿಕ್ಕಿದ ಗಂಡಸಿಗೆ ಬೇರೆ ಏನು ಬೇಕು.

"ಸೂಪಿಗೆ ಉಪ್ಪು ಹಾಕಿದೀಯಾ, ಇಲ್ಲಾ ಸರಿ ಇದೆ ಅನ್ನಿಸ್ತಾ?"

"ಹಾಕಿದೀನಿ. ಸುಮ್ನೆ ಕುಡೀರಿ."

"ಟೀಗೆ ಸಕ್ಕರೆ ಮೂರು ಚಮಚ ಅಂದಿದ್ದೆ. ಒಂದೂ ಹಾಕ್ದೇ ತಿರುಗಿಸಿ ಕೊಟ್ಟಿಲ್ಲ ತಾನೇ?"

ಪಿಟೀಲು ಕಿಸಕ್ಕೆಂದು ನಗುತ್ತಿದ್ದಳು. ಅಜ್ಜಿ ತುಟಿ ಬಿಗಿದು ತಟ್ಟೆ ಎತ್ತುತ್ತಿದ್ದಳು. ತಪ್ಪು ತನ್ನದೇ ಎಂದು ಒಪ್ಪಿಕೊಂಡವಳು ತಿರುಗಿ ಏನು ಹೇಳಿಯಾಳು? ಕೊನೆಗೆ ಸೊಸೆಗೇ ತಡೆಯಲಾಗಲಿಲ್ಲ.

"ಸಾಕು ಮಾವ. ಎಷ್ಟು ಸಲ ಅದನ್ನೇ ಹೇಳ್ತೀರಿ? ಅತ್ತೆ ಊಟಾನೇ ಸರಿ ಮಾಡ್ತಿಲ್ಲ."

"ಬಾಗಿಲು ಸರಿಯಾದ ದಿನ ನಿಲ್ಲಿಸ್ತೀನಿ. ಪೆಟ್ರೋಲ್ ಮುಚ್ಚಳದಲ್ಲಿ ಚುಕ್ಕಿ ಇಟ್ಟು ನಿಲ್ಲಿಸ್ತೀನಿ."

ಆಪರೇಷನ್ ದಿನ ಮಾತ್ರ ಅಜ್ಜನ ಬಾಯಿ ಕಟ್ಟಿಹೋಯಿತು. ಆಸ್ಪತ್ರೆಯ ಬೆಂಚಿನ ಮೇಲೆ ಹೆಂಡತಿಯ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡು ಕೂತಿದ್ದ. ಅವಳು ಬಿಡಿಸಿಕೊಳ್ಳಲಿಲ್ಲ. ಮೊದಲು ಒಂದು ಕಣ್ಣು, ಇನ್ನೊಂದು ಆಮೇಲೆ ಎಂದು ಡಾಕ್ಟರು ಹೇಳಿದರು. ಒಳಗೆ ಹೋದಷ್ಟೇ ಬೇಗ ಹೊರಗೆ ಬಂದ. ಇಷ್ಟೇನಾ ಎಂದು ಕೇಳಿ, ಅಜ್ಜಿಯ ಕೈಯಿಂದ ಒಂದು ಗುದ್ದು ತಿಂದ.

ಮರುದಿನ ಪಟ್ಟಿ ಬಿಚ್ಚಿಸಿಕೊಂಡು ಕಪ್ಪು ಕನ್ನಡಕದಲ್ಲಿ ಮನೆಗೆ ಬಂದವನ ಮುಂದೆ ಅಜ್ಜಿ ಕಟ್ಟುಪಾಡು ಒಪ್ಪಿಸಿದಳು. "ಕಣ್ಣು ಉಜ್ಜಬಾರ್ದು. ಮುಖಕ್ಕೆ ನೀರು ಹಾಕ್ಬಾರ್ದು. ಭಾರ ಎತ್ಬಾರ್ದು. ಬಗ್ಗಬಾರ್ದು. ತಿಳೀತಾ?"

ಅಜ್ಜ ಒಳಗೆ ಬಂದು ಕಪ್ಪು ಕನ್ನಡಕ ತೆಗೆದ. ಮೊದಲು ಅವಳನ್ನೇ ನೋಡಿದ.

"ಏ, ನಿನ್ನ ಕೂದಲು ಇಷ್ಟು ಬೆಳ್ಳಗಾಗಿದೆಯಾ?"

"ನಿಮ್ಮದು ಇನ್ನೂ ನೋಡ್ಕೊಂಡಿಲ್ಲ ನೀವು."

ಅವನಿಗೆ ಖುಷಿಯೋ ಖುಷಿ. ಗೋಡೆ ಹಳದಿ ಅಂದುಕೊಂಡಿದ್ದೆ, ಬಿಳಿ ಅಲ್ಲವೇ ಎಂದ. ಮಗನ ಹುಬ್ಬಿನ ಮೇಲೆ ಹಿಟ್ಟು ಇದೆ ಎಂದ. ಪಿಟೀಲಿನ ಹಲ್ಲು ಬಿದ್ದದ್ದು ಯಾವಾಗ ಎಂದು ಕೇಳಿದ. ಕೈ ತೊಳೆಯುತ್ತೇನೆಂದು ಬಚ್ಚಲಿಗೆ ಹೋದ. ಹೋದವನ ಸದ್ದೇ ಇಲ್ಲ.

"ರೀ, ಏನಾಯ್ತು?" ಅಜ್ಜಿ ಗಾಬರಿಯಿಂದ ಬಾಗಿಲ ಹತ್ತಿರ ಹೋದಳು.

"ಈ ಬಕೆಟ್ ಯಾವಾಗ ತಂದ್ರಿ?"

"ಯಾವ ಬಕೆಟ್ಟು?"

"ಈ ನೀಲಿ."

"ಅದೇ ಬಕೆಟ್ಟು ಮಾವ," ಎಂದಳು ಹಿಂದೆ ಬಂದ ಸೊಸೆ. "ನಾನು ಬಣ್ಣಕ್ಕೆ ಕೊಟ್ಟಿದ್ದು."

"ಇದಾ?" ಅಜ್ಜ ಬಕೆಟ್ಟಿನ ನೀರು ಸುರಿಯಲು ಬಗ್ಗಿದ.

"ಬಗ್ಗಬೇಡಿ!" ಎಂದು ಎಲ್ಲರೂ ಒಟ್ಟಿಗೆ ಕೂಗಿದರು. ಮಗ ಬಗ್ಗಿ ನೀರು ಚೆಲ್ಲಿದ. ಅಜ್ಜ ಖಾಲಿ ಬಕೆಟ್ ಎದೆಗೆ ಅವುಚಿಕೊಂಡು ಅಂಗಳಕ್ಕೆ ನಡೆದ. ಸ್ನಾನದ್ದು ಸ್ನಾನಕ್ಕೆ ಎನ್ನುತ್ತಾ ಅಜ್ಜಿ ಹಿಂದೆಯೇ ಹೊರಟಳು.

ಅವನು ಬಕೆಟ್ಟನ್ನು ಬಾನೆಟ್ಟಿಗೆ ಹಿಡಿದ. ಮೇಲ್ಛಾವಣಿಗೆ ಹಿಡಿದ. ಬಲಗಡೆಯ ಬಾಗಿಲಿಗೆ, ಹಿಂದಿನ ಡಿಕ್ಕಿಗೆ ಹಿಡಿದ. ಎಲ್ಲೆಡೆ ಬಕೆಟ್ಟು ನೀಲಿಯಾಗಿತ್ತು, ಕಾರು ಹಸಿರು ಕಲೆತ ನೀಲಿಯಾಗಿತ್ತು. ಸುತ್ತಿ ಬಂದು ಎಡಗಡೆ ಮುಂದಿನ ಬಾಗಿಲಿಗೆ ಹಿಡಿದ. ಬಕೆಟ್ಟು ಎಲ್ಲಿ ಮುಗಿಯಿತು, ಬಾಗಿಲು ಎಲ್ಲಿ ಶುರುವಾಯಿತು, ಗೊತ್ತಾಗಲಿಲ್ಲ.

"ಅಯ್ಯೋ!" ಎಂದಳು ಸೊಸೆ. ಇಷ್ಟು ದಿನ ಅದೇ ಬಕೆಟ್ಟಿನಲ್ಲಿ ಸ್ನಾನ ಮಾಡಿ, ಅದೇ ಕಾರಿನಲ್ಲಿ ಕೂತವಳು ಅವಳು. ಒಂದು ಕಡೆ ಒಂದೇ ಬಾಗಿಲು, ಇನ್ನೊಂದು ಕಡೆ ಇಡೀ ಕಾರು. ತಪ್ಪು ಯಾವುದರದು ಎಂದು ಯಾರೂ ಎರಡನೇ ಸಲ ಯೋಚಿಸಿರಲಿಲ್ಲ, ಸ್ವತಃ ಅಜ್ಜಿಯೂ.

"ಬಾಗಿಲೇ ಸರಿ ಕಣೇ," ಎಂದ ಅಜ್ಜ. ದನಿ ಸಣ್ಣಗಾಗಿತ್ತು. "ಮಿಕ್ಕಿದ್ದೆಲ್ಲಾ ತಪ್ಪು. ಪೊರೇಲಿ ಎಲ್ಲಾನೂ ಹಳದಿ, ನಂಗೆ ಡಬ್ಬೀಲಿರೋ ಹಳದಿ ಕಾಣ್ತಾನೇ ಇರ್ಲಿಲ್ಲ. ಸುರೀತಾ ಹೋಗಿದೀನಿ."

ಅಜ್ಜಿ ಬಾಗಿಲನ್ನೂ ಬಕೆಟ್ಟನ್ನೂ ನೋಡಿದಳು. ಅವಳ ಕಣ್ಣು ತುಂಬಿ ಬಂತು, ಜೊತೆಗೇ ನಗು ಬಂತು. ಯಾವುದನ್ನು ತಡೆಯುವುದೆಂದು ತಿಳಿಯದೆ ಏಪ್ರನ್ ಬಾಯಿಗೆ ಒತ್ತಿಕೊಂಡಳು.

"ಸರಿ ಇದೆ ಅನ್ನಿಸಿ ಹಾಗೇ ಬಿಟ್ಯಲ್ಲ. ಅವತ್ತೇ ನನ್ ಮುಂದೆ ಹೇಳೋದಲ್ವಾ?"

"ಹೇಳಿದ್ರೆ ಕೇಳ್ತಿದ್ರಾ?"

ಅಜ್ಜ ಬಕೆಟ್ಟನ್ನು ಮಗನ ಕೈಗೆ ಕೊಟ್ಟ. "ಇಲ್ಲ."

"ಸೂಪಿಗೆ ಉಪ್ಪು ಹಾಕಿದೀಯಾ ಅಂತ ಕೇಳು ಅಜ್ಜ," ಎಂದಳು ಪಿಟೀಲು. ಅವಳಮ್ಮ ಅವಳ ಕೈ ಹಿಂಡಿದಳು.

"ಮಾವ, ಈಗ ಇಡೀ ಕಾರಿಗೆ ಮತ್ತೆ ಬಣ್ಣ ಅನ್ಬೇಡಿ. ನಿಮ್ಗೆ ಕೈ ಮುಗೀತೀನಿ. ನಂಗೆ ಆ ಬಾಗಿಲು ಬೇರೇನೇ ಇರ್ಬೇಕು. ಅದಿಲ್ದಿದ್ರೆ ನಮ್ಮ ಮೇಡಂ ನೇರ ಅಂಚೆ ಪೆಟ್ಟಿಗೆಗೆ ಹೊಡೀತಾರೆ."

ಅಜ್ಜ ಶೆಡ್ಡಿಗೆ ಹೋದ. ಬರುವಾಗ ಕೈಯಲ್ಲಿ ಬಿಳಿ ಬಣ್ಣದ ಪುಟ್ಟ ಡಬ್ಬಿ, ತೆಳ್ಳಗಿನ ಕುಂಚ ಇದ್ದವು. ಸೊಸೆ ಓಡಿ ಪೆಟ್ರೋಲ್ ಮುಚ್ಚಳ ತೆರೆದಳು.

"ಅದು ಮುಚ್ಚು. ಅಲ್ಲಿ ಚುಕ್ಕಿ ಇಲ್ಲ."

ಎಡಗಡೆಯ ಬಾಗಿಲು ತೆರೆದ. ಅದರ ಕೆಳಗಿನ ಮೂಲೆ, ಯಾರಿಗೂ ಕಾಣದ ಒಳ ಅಂಚನ್ನು ಬೆರಳಿನಿಂದ ತೋರಿಸಿ, ಕುಂಚವನ್ನು ಹೆಂಡತಿಗೆ ಚಾಚಿದ.

"ಇಡು."

"ನಾನಾ? ಚುಕ್ಕಿ ನಿಮ್ಮದು."

"ನಂಗೆ ಬಗ್ಗೋಹಾಗಿಲ್ಲ. ನೀನೇ ಹೇಳಿದ್ದು."

ಅಜ್ಜಿ ಉಂಗುರ ತೆಗೆದು ಏಪ್ರನ್ ಜೇಬಿಗೆ ಹಾಕಿಕೊಂಡಳು. ಕುಂಚ ಅದ್ದಿ, ಬಗ್ಗಿ, ಉಸಿರು ಬಿಗಿಹಿಡಿದು ಮುಟ್ಟಿಸಿದಳು. ಚುಕ್ಕಿ ಬಟಾಣಿಯಷ್ಟು ದೊಡ್ಡದಾಯಿತು.

"ದೊಡ್ಡದಾಯ್ತು ರೀ."

ಅಜ್ಜ ಹೊಸ ಕಣ್ಣಿನಿಂದ ಬಹಳ ಹೊತ್ತು ನೋಡಿದ.

"ಇರ್ಲಿ, ಕಾಣ್ಲಿ," ಎಂದ.